ಹಳೇ ಟ್ರ್ಯಾಕ್ಟರಿನ ಗೇರು: ಬಿಚ್ಚಿಸುವ ಮುಂಚೆ ನೋಡಿ



ಆರಿದ್ರಾ ಮಳೆ ಬಿದ್ದಾಗ ಯಲಹಂಕದ ಸುತ್ತಿನ ಕೆಂಪು ಹೊಲ ರಾಗಿಗೆ ಹದಕ್ಕೆ ಬರುತ್ತದೆ. ಆ ಹದ ಯಾರಿಗೂ ಕಾಯೋದಿಲ್ಲ. ಆಗಲೇ ಹಳೇ ಟ್ರ್ಯಾಕ್ಟರು ಗೇರಿಗೆ ಬೀಳದೆ ಕರಕರ ಅಂದರೆ? ಗೇರುಪೆಟ್ಟಿಗೆ ಕೆಟ್ಟಿತೆಂದು ಕೂಡಲೇ ಬಿಚ್ಚಿಸಬೇಡಿ.

ಎಂಜಿನ್ ನಿಲ್ಲಿಸಿ ಗೇರು ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಕರಕರ ಅಂದರೆ, ತಪ್ಪು ಬಹುಮಟ್ಟಿಗೆ ಕ್ಲಚ್ಚಿನದು. ಅದು ಪೂರ್ತಿ ಬಿಡುತ್ತಿಲ್ಲ. ಎಂಜಿನ್ ನಿಂತಿರುವಾಗಲೇ ಕ್ಲಚ್ ಪೆಡಲನ್ನು ಕೈಯಿಂದ ಒತ್ತಿ, ಬಿಗಿ ಹತ್ತುವ ಮುಂಚೆ ಎಷ್ಟು ಸಡಿಲ ಇಳಿಯುತ್ತದೆಂದು ಅಳೆಯಿರಿ. ಬಹಳ ಟ್ರ್ಯಾಕ್ಟರುಗಳಲ್ಲಿ ಇದು ಒಂದಂಗುಲದ ಆಸುಪಾಸು. ಸರಿಯಾದ ಅಳತೆ ಕಂಪನಿಯ ಪುಸ್ತಕದಲ್ಲಿದೆ. ಸಡಿಲ ಹೆಚ್ಚಾದರೆ ಗೇರು ಬೀಳದು. ತೀರ ಕಡಿಮೆಯಾದರೆ ಕ್ಲಚ್ಚು ಜಾರುತ್ತದೆ: ಎಂಜಿನ್ ಎಷ್ಟು ಕೂಗಿದರೂ ನೇಗಿಲು ಎಳೆಯದು, ಸುಟ್ಟ ವಾಸನೆ ಬರುತ್ತದೆ. ಎರಡಕ್ಕೂ ಮೊದಲ ಮದ್ದು, ಪೆಡಲಿನ ರಾಡು ತಿರುಗಿಸಿ ಅಳತೆಗೆ ತರುವುದು. ಅಳತೆ ಸರಿಯಿದ್ದೂ ಜಾರಿದರೆ ಕ್ಲಚ್ ಪ್ಲೇಟು ಸವೆದಿರಬಹುದು, ಇಲ್ಲವೇ ಎಣ್ಣೆ ಹತ್ತಿರಬಹುದು.

ಗೇರೆಣ್ಣೆಯನ್ನೂ ನೋಡಿ. ಹಾಲಿನಂತಿದ್ದರೆ ನೀರು ಸೇರಿದೆ, ಬದಲಾಯಿಸಿ. ಲೋಹದ ಚೂರು ಕಂಡರೆ, ಅಥವಾ ಹಾಕಿದ ಗೇರು ತಾನಾಗಿ ಕಳಚಿಕೊಂಡರೆ, ಆಗ ಮೆಕ್ಯಾನಿಕ್ಕನ್ನು ಕರೆಸಿ.

ಉಗುರಿನಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?