ಐದಕ್ಕೆ ಎಷ್ಟು ಅಂಕ? ಚಿತ್ರರಸಿಕರ ತೀರ್ಪಿನ ಒಳಹೊರಗು

ಬೆಂಗಳೂರು: ಶುಕ್ರವಾರದ ಮೊದಲ ಪ್ರದರ್ಶನ ಮುಗಿದು ಪ್ರೇಕ್ಷಕರು ಹೊರಬರುವ ಹೊತ್ತಿಗೆ ಚಿತ್ರಮಂದಿರದ ಬಾಗಿಲಲ್ಲಿ ಮೈಕು ಹಿಡಿದವರ ಸಾಲು ಸಿದ್ಧವಾಗಿರುತ್ತದೆ. ‘ಹೇಗಿದೆ ಸಾರ್ ಪಿಚ್ಚರ್? ಐದಕ್ಕೆ ಎಷ್ಟು ಕೊಡ್ತೀರಾ?’ ಎಂಬ ಪ್ರಶ್ನೆಗೆ ‘ಐದಕ್ಕೆ ಹತ್ತು!’ ಎಂದು ಕೂಗುವ ಅಭಿಮಾನಿಯೂ ಅಲ್ಲಿರುತ್ತಾನೆ, ಮುಖ ತಿರುಗಿಸಿಕೊಂಡು ಸರಸರನೆ ನಡೆದುಬಿಡುವ ಗೃಹಸ್ಥನೂ ಇರುತ್ತಾನೆ. ಮೈಕಿಗೆ ಸಿಗುವುದು ಮೊದಲನೆಯವನ ಮಾತು ಮಾತ್ರ. ಆ ಗೃಹಸ್ಥನ ಅಭಿಪ್ರಾಯ ಸಂಜೆ ಅವನ ಮನೆಯಲ್ಲಿ, ಮರುದಿನ ಕಚೇರಿಯಲ್ಲಿ, ಭಾನುವಾರ ಕ್ಷೌರದಂಗಡಿಯಲ್ಲಿ ಹೊರಬೀಳುತ್ತದೆ. ಚಿತ್ರದ ಹಣೆಬರಹವನ್ನು ಬರೆಯುವುದು ಈ ಎರಡರಲ್ಲಿ ಯಾವುದು ಎಂಬುದೇ ಇಂದಿನ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳಲು ಪಶ್ಚಿಮ ಬೆಂಗಳೂರಿನ ಕುರುಬರಹಳ್ಳಿಗಿಂತ ಸೂಕ್ತ ಜಾಗ ಸಿಗಲಾರದು. ಒಂದೆಡೆ ರಾಜಾಜಿನಗರದ ನವರಂಗ್, ಮಾಗಡಿ ರಸ್ತೆಯ ವೀರೇಶ್ ಮತ್ತು ಪ್ರಸನ್ನ ಎಂಬ ಹಳೆಯ ಹೆಸರುಗಳು. ಇನ್ನೊಂದೆಡೆ ಒರಾಯನ್ ಮಾಲ್‌ನಂತಹ ಬಹುಪರದೆಯ ತಾಣ. ಅನತಿ ದೂರದಲ್ಲೇ ಕಂಠೀರವ ಸ್ಟುಡಿಯೋ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್, 2017ರಲ್ಲಿ ಪಾರ್ವತಮ್ಮನವರು, 2021ರ ಅಕ್ಟೋಬರ್ ಕೊನೆಯಲ್ಲಿ ಪುನೀತ್ ಅಲ್ಲಿಯೇ ಮಣ್ಣಾದರು. ಪುಣ್ಯತಿಥಿಯ ದಿನ ಆ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಭಿಮಾನಿಗಳನ್ನು ‘ದೇವರು’ ಎಂದು ಕರೆದ ನಟನ ಸಮಾಧಿಯ ಪಕ್ಕದ ಬಡಾವಣೆಗಳಲ್ಲಿ, ಚಿತ್ರವೊಂದರ ಬಗ್ಗೆ ಅಭಿಪ್ರಾಯವೇ ಇಲ್ಲದವರನ್ನು ಹುಡುಕುವುದು ಕಷ್ಟ.

ಅಂಕ ಕೊಡುವ ಪದ್ಧತಿ ಹೊಸದಾದರೂ ತೀರ್ಪು ಕೊಡುವ ಪದ್ಧತಿ ಹೊಸದಲ್ಲ. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು ಯಾವ ನಕ್ಷತ್ರಗಳ ಬಲದಿಂದಲೂ ಅಲ್ಲ, ನೋಡಿದವರು ನೋಡದವರಿಗೆ ಹೇಳಿದ್ದರಿಂದ. ಆಗ ಅಂಕದ ಬದಲು ದಿನಗಳ ಲೆಕ್ಕವಿತ್ತು: ಐವತ್ತು ದಿನ, ಶತದಿನ, ಇಪ್ಪತ್ತೈದನೆಯ ವಾರ. ಈ ಲೆಕ್ಕಕ್ಕೆ ಒಂದು ಗುಣವಿತ್ತು. ತೀರ್ಪು ನಿಧಾನವಾಗಿ ಬರುತ್ತಿತ್ತು, ಟಿಕೆಟ್ ಕೊಂಡವರಿಂದಲೇ ಬರುತ್ತಿತ್ತು. 2006ರ ಡಿಸೆಂಬರ್ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಮೀರಿ ಓಡಿದ್ದು ಈ ಹಳೆಯ ಕ್ರಮದ ಕೊನೆಯ ದೊಡ್ಡ ನಿದರ್ಶನಗಳಲ್ಲಿ ಒಂದು. ದೊಡ್ಡ ತಾರೆಯಿರಲಿಲ್ಲ, ಅಬ್ಬರದ ಪ್ರಚಾರವಿರಲಿಲ್ಲ. ನೋಡಿ ಬಂದವರೇ ಮತ್ತೊಬ್ಬರನ್ನು ಕರೆದುಕೊಂಡು ಮತ್ತೆ ಹೋದರು.

ಈಗ ದಿನಗಳ ಜಾಗದಲ್ಲಿ ಅಂಕಿ ಬಂದು ಕುಳಿತಿದೆ. ಆದರೆ ಕನ್ನಡಿಗ ಪ್ರೇಕ್ಷಕನ ಮಾತನ್ನು ಅಂಕಿಗೆ ಇಳಿಸುವುದು ಅಂದುಕೊಂಡಷ್ಟು ಸುಲಭವಲ್ಲ. ‘ಪರವಾಗಿಲ್ಲ’ ಎಂದರೆ ಎಷ್ಟು? ‘ಒಂದ್ಸಲ ನೋಡಬಹುದು’ ಎಂಬುದಕ್ಕೆ ಒಬ್ಬರು ಮೂರು ನಕ್ಷತ್ರ ಕೊಟ್ಟರೆ ಇನ್ನೊಬ್ಬರು ಎರಡೂವರೆ ಕೊಡುತ್ತಾರೆ. ‘ಫ್ಯಾಮಿಲಿ ಸಮೇತ ಹೋಗಬಹುದು’ ಎಂಬುದು ಗುಣಮಟ್ಟದ ಮಾತೇ ಅಲ್ಲ, ಮುಜುಗರವಾಗುವ ದೃಶ್ಯಗಳಿಲ್ಲ ಎಂಬ ಭರವಸೆ. ‘ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಎಳೆದಿದ್ದಾರೆ’ ಎಂಬ, ರಾಜ್ಯದಲ್ಲಿ ಅತಿ ಹೆಚ್ಚು ಬಳಕೆಯಾಗುವ ವಿಮರ್ಶಾ ವಾಕ್ಯವನ್ನು ಯಾವ ಅಂಕಿಯೂ ಹಿಡಿದಿಡಲಾರದು. ಆಡಿದ ಮಾತಿನಲ್ಲಿ ‘ಯಾರಿಗೆ’ ಎಂಬುದು ಅಡಗಿರುತ್ತದೆ. ಅಂಕಿಯಲ್ಲಿ ಅದು ಕಳೆದುಹೋಗುತ್ತದೆ.

ಕಳೆದುಹೋಗುವುದು ಅದೊಂದೇ ಅಲ್ಲ. ಇನ್ನೂರು ಜನ ಒಂದು ಚಿತ್ರಕ್ಕೆ ಹತ್ತರಲ್ಲಿ ಅಂಕ ಕೊಟ್ಟರೆಂದು ಭಾವಿಸೋಣ. ನೂರು ಜನ ಹತ್ತು, ಉಳಿದ ನೂರು ಜನ ಒಂದು ಕೊಟ್ಟರೆ ಸರಾಸರಿ 5.5. ಅಂದರೆ ‘ಸಾಧಾರಣ’. ಆದರೆ ಆ ಇನ್ನೂರರಲ್ಲಿ ಒಬ್ಬರೂ ಚಿತ್ರ ಸಾಧಾರಣ ಎಂದಿಲ್ಲ. ಇನ್ನೊಂದು ಚಿತ್ರಕ್ಕೆ ಇನ್ನೂರು ಜನರೂ ಐದೋ ಆರೋ ಕೊಟ್ಟಿದ್ದರೂ ಸರಾಸರಿ ಅದೇ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮೊದಲನೆಯದು ತೀವ್ರ ಪ್ರೀತಿ, ತೀವ್ರ ಸಿಟ್ಟು ಎರಡನ್ನೂ ಹುಟ್ಟಿಸಿದ ಚಿತ್ರ. ಎರಡನೆಯದು ಯಾರಿಗೂ ಏನೂ ಅನ್ನಿಸದ ಚಿತ್ರ. ತೆರೆಯ ಮೇಲೆ ಕಾಣುವ ಅಂಕಿ ಮಾತ್ರ ಅವಳಿ ಜವಳಿ. ಆದ್ದರಿಂದ ಬಲ್ಲವರು ಸರಾಸರಿಗಿಂತ ಮೊದಲು ಅಂಕಗಳ ಹಂಚಿಕೆಯನ್ನು ನೋಡುತ್ತಾರೆ. ಎರಡು ತುದಿಗಳಲ್ಲಿ ಮಾತ್ರ ರಾಶಿ ಬಿದ್ದಿದ್ದರೆ ಅಲ್ಲಿ ಚಿತ್ರಕ್ಕಿಂತ ಅಭಿಮಾನದ ಜಗಳವೇ ಹೆಚ್ಚು ನಡೆದಿದೆ ಎಂದು ತಿಳಿಯಬಹುದು.

ಮತಗಳ ಸಂಖ್ಯೆಯೂ ಅಷ್ಟೇ ಮುಖ್ಯ. ಕೇವಲ 300 ಮತಗಳಿಂದ 9.4 ಅಂಕ ಪಡೆದ ಚಿತ್ರ, 20,000 ಮತಗಳಿಂದ 8.2 ಪಡೆದ ಚಿತ್ರಕ್ಕಿಂತ ಮೇಲೆಂದು ಹೇಳಲಾಗದು. ಇದನ್ನು ಸರಿದೂಗಿಸಲು ಒಂದು ಸರಳ ಉಪಾಯವಿದೆ. ಪ್ರತಿ ಚಿತ್ರವೂ 6 ಅಂಕದ ಒಂದು ಸಾವಿರ ಕಾಲ್ಪನಿಕ ಮತಗಳೊಂದಿಗೆ ಹುಟ್ಟುತ್ತದೆ ಎಂದು ಇಟ್ಟುಕೊಳ್ಳಿ. ಆಗ ಮೊದಲ ಚಿತ್ರದ ಅಂಕ ಸುಮಾರು 6.8ಕ್ಕೆ ಇಳಿಯುತ್ತದೆ, ಎರಡನೆಯದು 8.1ರಲ್ಲಿ ಅಲುಗದೆ ನಿಲ್ಲುತ್ತದೆ. ಐಎಂಡಿಬಿ ತನ್ನ ಶ್ರೇಷ್ಠ ಚಿತ್ರಗಳ ಪಟ್ಟಿಗೆ ಬಳಸುವ ಲೆಕ್ಕದ ಹಿಂದಿರುವುದು ಇದೇ ತತ್ತ್ವ. ಸಾಮಾನ್ಯ ಅಂಕವನ್ನೂ ಆ ಸಂಸ್ಥೆ ನೇರ ಸರಾಸರಿಯಾಗಿ ತೋರಿಸುವುದಿಲ್ಲ. ಮತಗಳಿಗೆ ತೂಕ ಕಟ್ಟುತ್ತದೆ, ಆ ತೂಕದ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಗುಟ್ಟು ಬಿಟ್ಟುಕೊಟ್ಟರೆ ಅದನ್ನು ಮೀರುವ ದಾರಿಯನ್ನು ನಮ್ಮ ಅಭಿಮಾನಿ ಬಳಗಗಳು ಒಂದೇ ರಾತ್ರಿಯಲ್ಲಿ ಕಂಡುಹಿಡಿಯುತ್ತವೆ ಎಂಬುದರಲ್ಲಿ ಅನುಮಾನವಿಲ್ಲ.

ಮೊದಲು ಮತ ಹಾಕುವವರು ಯಾರು ಎಂಬುದನ್ನೂ ಗಮನಿಸಬೇಕು. ಬೆಳಗಿನ ಜಾವದ ಪ್ರದರ್ಶನಕ್ಕೆ ಹಾರ, ಪಟಾಕಿ ಹಿಡಿದು ಹೋಗುವವರು ಚಿತ್ರವನ್ನು ಅಳೆಯಲು ಹೋದವರಲ್ಲ, ಮೆಚ್ಚಲು ಹೋದವರು. ಅಮೆರಿಕದಲ್ಲಿ 1970ರ ದಶಕದ ಕೊನೆಯಿಂದಲೂ ಸಿನಿಮಾಸ್ಕೋರ್ ಎಂಬ ಸಂಸ್ಥೆ ಮೊದಲ ರಾತ್ರಿಯ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ಶ್ರೇಣಿ ಕೇಳುತ್ತ ಬಂದಿದೆ. ಆಸೆಯಿಂದ ಬಂದವರೇ ಮತ ಹಾಕುವುದರಿಂದ ಅಲ್ಲಿ ‘ಬಿ’ ಶ್ರೇಣಿ ಬಂದರೂ ಸಿಹಿಸುದ್ದಿಯೆಂದು ಎಣಿಸುವುದಿಲ್ಲ. ನಮ್ಮಲ್ಲಿಯೂ ಅಂಕ ಕಾಲಕ್ರಮದಲ್ಲಿ ಇಳಿಯುವುದು ವಾಡಿಕೆ. 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ‘ಕಾಂತಾರ’ದ ಐಎಂಡಿಬಿ ಅಂಕ ಹೊಸತರಲ್ಲಿ 9ನ್ನೂ ದಾಟಿತ್ತು, ಮತಗಳು ಹೆಚ್ಚಿದಂತೆ 8ರ ಆಸುಪಾಸಿಗೆ ಬಂದಿತು. ಇದರಿಂದ ಚಿತ್ರದ ಘನತೆ ತಗ್ಗಿತೆಂದು ಅರ್ಥವಲ್ಲ. ಕನ್ನಡ ಬಲ್ಲವರು, ಕರಾವಳಿಯ ದೈವಾರಾಧನೆಯನ್ನು ಕಂಡವರು ಮೊದಲು ನೋಡಿದರು; ಆಮೇಲೆ ಹಿಂದಿಯಲ್ಲಿ, ಮನೆಯ ಪರದೆಯಲ್ಲಿ ನೋಡಿದವರು ಸೇರಿಕೊಂಡರು. ಬದಲಾದದ್ದು ಪ್ರೇಕ್ಷಕವರ್ಗ.

ದೊಡ್ಡ ತಾರೆಯರ ಚಿತ್ರಗಳಿಗೆ ಈ ಏರಿಳಿತವನ್ನು ತಾಳಿಕೊಳ್ಳುವ ಶಕ್ತಿಯಿದೆ. ನಿಜವಾದ ಅಪಾಯವಿರುವುದು ಸಣ್ಣ ಚಿತ್ರಗಳಿಗೆ. ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಚಿತ್ರಗಳು ತೆರೆಕಾಣುತ್ತಿವೆ. ಮೊದಲ ಮೂರು ದಿನ ಆಸನ ತುಂಬದಿದ್ದರೆ ಸೋಮವಾರ ಪ್ರದರ್ಶನಗಳ ಸಂಖ್ಯೆ ಇಳಿಯುತ್ತದೆ, ಮುಂದಿನ ಶುಕ್ರವಾರ ಚಿತ್ರವೇ ಇರುವುದಿಲ್ಲ. ಹೀಗಾಗಿ ಅವುಗಳಿಗೆ ಪ್ರೇಕ್ಷಕನ ಒಳ್ಳೆಯ ಮಾತು ಮೂರು ದಿನಗಳೊಳಗೆ ಸಿಗಬೇಕು. 2015ರ ಜುಲೈ 3ರಂದು ಬಂದ ‘ರಂಗಿತರಂಗ’ಕ್ಕೆ ಸಿಕ್ಕಿದ್ದು ಇಂತಹ ಅದೃಷ್ಟ. ವಾರದೊಳಗೆ ‘ಬಾಹುಬಲಿ’ ಬಂದು ಪ್ರದರ್ಶನಗಳು ತಗ್ಗಿದಾಗ ನೋಡಿದವರೇ ಚಿತ್ರದ ಪರ ದನಿ ಎತ್ತಿದರು. ಚಿತ್ರ ಉಳಿದುಕೊಂಡಿತು, ಅಮೆರಿಕದ ಕನ್ನಡಿಗರವರೆಗೂ ತಲುಪಿತು. 2025ರ ಜುಲೈ 25ರಂದು ತೆರೆಕಂಡ ‘ಸು ಫ್ರಮ್ ಸೋ’ ತಂಡ ಇನ್ನೂ ಜಾಣತನ ತೋರಿತು. ಬಿಡುಗಡೆಗೂ ಮೊದಲೇ ಕೆಲವು ಊರುಗಳಲ್ಲಿ ಹಣ ಪಡೆದು ವಿಶೇಷ ಪ್ರದರ್ಶನ ಏರ್ಪಡಿಸಿ, ಮಾತು ತಾನಾಗಿಯೇ ಹರಡಲು ಬಿಟ್ಟಿತು. ಜೆ.ಪಿ. ತುಮಿನಾಡು ನಿರ್ದೇಶಿಸಿ ಅಭಿನಯಿಸಿದ, ತಾರಾಬಲವಿಲ್ಲದ ಆ ಚಿತ್ರದ ಗಳಿಕೆ ನೂರು ಕೋಟಿ ರೂಪಾಯಿಯ ಗಡಿ ದಾಟಿತೆಂದು ವರದಿಯಾಯಿತು.

ಮಾತಿಗೆ ಇಷ್ಟು ಬೆಲೆ ಇದೆಯೆಂದ ಮೇಲೆ ಮಾತನ್ನು ಕೊಳ್ಳುವವರೂ ಕೆಡಿಸುವವರೂ ಹುಟ್ಟಿಕೊಳ್ಳುವುದು ಸಹಜ. ಚಿತ್ರ ನೋಡದೆಯೇ ಒಂದು ಅಂಕ ಒತ್ತುವ ಎದುರಾಳಿ ಬಳಗ, ನೋಡದೆಯೇ ಹತ್ತು ಒತ್ತುವ ಸ್ವಂತ ಬಳಗ ಎರಡೂ ಇವೆ. ನಿರ್ಮಾಪಕರು ಮೊರೆಹೋದದ್ದು ನ್ಯಾಯಾಲಯಕ್ಕೆ. 2025ರ ಡಿಸೆಂಬರ್ 11ರಂದು ದರ್ಶನ್ ಅಭಿನಯದ ‘ದಿ ಡೆವಿಲ್’ ಬಿಡುಗಡೆಯಾದಾಗ, ನ್ಯಾಯಾಲಯದ ಆದೇಶದ ಮೇರೆಗೆ ಬುಕ್‌ಮೈಶೋದಲ್ಲಿ ಆ ಚಿತ್ರದ ಅಂಕ ಮತ್ತು ವಿಮರ್ಶೆಯ ವಿಭಾಗವನ್ನು ಮುಚ್ಚಲಾಗಿತ್ತು. ನೆರೆರಾಜ್ಯಗಳಲ್ಲಿಯೂ ಇದೇ ವ್ಯಾಜ್ಯ. ದುರುದ್ದೇಶದ ವಿಮರ್ಶೆಗಳ ಪ್ರಶ್ನೆ 2023ರಲ್ಲಿ ಕೇರಳ ಹೈಕೋರ್ಟಿನ ಮುಂದೆ ಬಂದಿತು. ಬಿಡುಗಡೆಯ ನಂತರದ 48 ಗಂಟೆ ವಿಮರ್ಶಕರು ತಾಳಬೇಕೆಂಬ ಸಲಹೆಯನ್ನು ನ್ಯಾಯಾಲಯಕ್ಕೆ ನೆರವಾಗಲು ನೇಮಕಗೊಂಡ ವಕೀಲರು 2024ರ ವರದಿಯಲ್ಲಿ ನೀಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೂರು ದಿನ ವಿಮರ್ಶೆಗೆ ತಡೆ ಬೇಕೆಂದು ತಮಿಳು ನಿರ್ಮಾಪಕರು ಕೇಳಿದಾಗ ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ.

ತಡೆಯ ಪರ ಇರುವವರ ಸಂಕಟ ಸುಳ್ಳಲ್ಲ; ಕೋಟ್ಯಂತರ ರೂಪಾಯಿ ಸಾಲ ಮಾಡಿದವನ ಚಿತ್ರವನ್ನು ನೋಡದವನೊಬ್ಬ ಕೊಲ್ಲುವುದು ಅನ್ಯಾಯವೇ ಸರಿ. ಆದರೆ ಬಾಗಿಲು ಮುಚ್ಚಿದರೆ ಸುಳ್ಳು ಮತದೊಡನೆ ನಿಜವಾದ ಮತವೂ ಹೊರಗುಳಿಯುತ್ತದೆ. ಅದರ ನಷ್ಟ ತಾರೆಗಿಂತ ಹೆಚ್ಚಾಗಿ ತಗಲುವುದು ಟಿಕೆಟ್ ಕೊಳ್ಳುವವನಿಗೆ. ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಲು ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಕುರುಬರಹಳ್ಳಿಯಿಂದ ನಾಲ್ವರ ಕುಟುಂಬವೊಂದು ವಾರಾಂತ್ಯದಲ್ಲಿ ಮಲ್ಟಿಪ್ಲೆಕ್ಸ್‌ಗೆ ಹೊರಟರೆ ಟಿಕೆಟ್, ಆಟೋ, ಮಧ್ಯಂತರದ ಜೋಳದರಳು ಸೇರಿ ಕೂಲಿ ಮಾಡುವವರ ಎರಡು ಮೂರು ದಿನದ ದುಡಿಮೆಯೇ ಖರ್ಚಾದೀತು. ಅಷ್ಟು ಹಣ ಸುರಿಯುವ ಮೊದಲು ‘ಹೇಗಿದೆ?’ ಎಂದು ಕೇಳುವ ಹಕ್ಕು ಅವರಿಗಿದೆ. ಬೇಳೆ ಕೊಳ್ಳುವಾಗಲೂ ನಾವು ಒಂದು ಕಾಳನ್ನು ಹಲ್ಲಿಗೆ ಹಾಕಿ ನೋಡುವುದಿಲ್ಲವೇ!

ಅವರ ಪ್ರಶ್ನೆಗೆ ಸಿಗುವ ಅತ್ಯಂತ ನಂಬಿಕೆಯ ಉತ್ತರ ಈಗಲೂ ಪಕ್ಕದ ಮನೆಯಿಂದಲೇ ಬರುತ್ತದೆ. ಕಾರಣ ಸರಳ. ಪಕ್ಕದ ಮನೆಯವರ ರುಚಿ ನಮಗೆ ಗೊತ್ತು. ಹೊಡೆದಾಟವೆಂದರೆ ಅವರಿಗೆ ಆಗದು, ಅಳಿಸುವ ಚಿತ್ರವಾದರೆ ಎರಡು ಅಂಕ ಜಾಸ್ತಿ ಕೊಡುತ್ತಾರೆ ಎಂಬುದನ್ನು ಕಳೆದು ಕೂಡಿಸಿ ನಮ್ಮ ಲೆಕ್ಕ ನಾವು ಹಾಕಿಕೊಳ್ಳಬಲ್ಲೆವು. ಅಪರಿಚಿತ ಅಂಕಿಗಳನ್ನೇ ನಂಬಬೇಕಾಗಿ ಬಂದರೆ ಶುಕ್ರವಾರದ್ದನ್ನು ಬಿಟ್ಟು ಸೋಮವಾರದ್ದನ್ನು ನೋಡಬಹುದು, ಸರಾಸರಿಯ ಜೊತೆಗೆ ಮತಗಳ ಸಂಖ್ಯೆಯನ್ನೂ ನೋಡಬಹುದು, ಹತ್ತು ಮತ್ತು ಒಂದು ಕೊಟ್ಟವರನ್ನು ದಾಟಿ ಆರು, ಏಳು ಕೊಟ್ಟವರು ಬರೆದ ನಾಲ್ಕು ಸಾಲುಗಳನ್ನು ಓದಬಹುದು. ತೊಡಕೊಂದೇ: ಸಣ್ಣ ಚಿತ್ರವಾದರೆ, ಸೋಮವಾರದ ಹೊತ್ತಿಗೆ ಅದು ನವರಂಗ್‌ನಲ್ಲೋ ವೀರೇಶ್‌ನಲ್ಲೋ ಇನ್ನೂ ಉಳಿದಿರಬೇಕು.