ಫ್ರಾಂಚೈಸಿ ಮೂಲಕ ಉದ್ದಿಮೆ ವಿಸ್ತರಣೆ: ಉಪಾಹಾರ ಗೃಹಗಳ ಮಾಲೀಕರು ತಿಳಿದಿರಬೇಕಾದ ಕಾನೂನು ಅಂಶಗಳು

ಒಂದೆಡೆ ಯಶಸ್ವಿಯಾಗಿ ನಡೆಯುತ್ತಿರುವ ದರ್ಶಿನಿ ಅಥವಾ ಉಪಾಹಾರ ಗೃಹವನ್ನು ಇತರರ ಬಂಡವಾಳದಿಂದ ಬೇರೆ ಊರುಗಳಿಗೆ ವಿಸ್ತರಿಸುವ ವಿಧಾನವೇ ಫ್ರಾಂಚೈಸಿ. ಇದರಲ್ಲಿ ಮೂಲ ಉದ್ದಿಮೆದಾರರು ತಮ್ಮ ಹೆಸರು, ಚಿಹ್ನೆ ಹಾಗೂ ಕಾರ್ಯವಿಧಾನವನ್ನು ಬಳಸಲು ಮತ್ತೊಬ್ಬರಿಗೆ ಅನುಮತಿ ನೀಡುತ್ತಾರೆ. ಅನುಮತಿ ಪಡೆದ ಫ್ರಾಂಚೈಸಿದಾರರು ಮಳಿಗೆಗೆ ತಾವೇ ಹಣ ಹೂಡಿ, ಸಾಮಾನ್ಯವಾಗಿ ಆರಂಭಿಕ ಶುಲ್ಕವನ್ನೂ ತಿಂಗಳ ವ್ಯಾಪಾರದ ಮೇಲೆ ರಾಯಲ್ಟಿಯನ್ನೂ ಪಾವತಿಸುತ್ತಾರೆ.

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇರುವುದಿಲ್ಲ. ಅಮೆರಿಕದಲ್ಲಿ ಸಹಿ ಹಾಕುವುದಕ್ಕೆ ಕನಿಷ್ಠ 14 ದಿನ ಮುಂಚಿತವಾಗಿ ಉದ್ದಿಮೆಯ ಪೂರ್ಣ ವಿವರವನ್ನು ಲಿಖಿತವಾಗಿ ನೀಡುವುದು ಕಡ್ಡಾಯ. ನಮ್ಮಲ್ಲಿ ಅಂತಹ ನಿಯಮವಿಲ್ಲ. ನಿವೃತ್ತಿಯಿಂದ ಬಂದ ಹಣವನ್ನೋ ಮನೆ ಅಡವಿಟ್ಟು ತಂದ ಸಾಲವನ್ನೋ ತೊಡಗಿಸುವವರು ಈಗಿರುವ ಮಳಿಗೆಗಳ ಲೆಕ್ಕಪತ್ರಗಳನ್ನು ಮಾತ್ರವಲ್ಲದೆ ಮುಚ್ಚಿಹೋದ ಮಳಿಗೆಗಳ ವಿವರವನ್ನೂ ತಾವೇ ಕೇಳಿ ಪಡೆಯತಕ್ಕದ್ದು. ಇವುಗಳನ್ನು ತೋರಿಸಲು ಹಿಂಜರಿಯುವವರೊಡನೆ ವ್ಯವಹರಿಸದಿರುವುದೇ ಲೇಸು.

ಹೆಸರಿನ ನೋಂದಣಿ

ಫ್ರಾಂಚೈಸಿಯಲ್ಲಿ ಬಳಕೆಗೆ ನೀಡುವ ಮುಖ್ಯ ಆಸ್ತಿ ಹೆಸರೇ ಆಗಿರುವುದರಿಂದ, ಮೊದಲು ಅದನ್ನು 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಡಿ ನೋಂದಾಯಿಸಿಕೊಳ್ಳುವುದು ಸೂಕ್ತ. ಉಪಾಹಾರ ಗೃಹದ ಸೇವೆ 43ನೇ ವರ್ಗಕ್ಕೆ ಸೇರುತ್ತದೆ. ಅದೇ ಹೆಸರಿನಲ್ಲಿ ಕಾಫಿ ಪುಡಿಯನ್ನೂ ಮಾರುವುದಾದರೆ 30ನೇ ವರ್ಗದಲ್ಲಿಯೂ ಅರ್ಜಿ ಸಲ್ಲಿಸಬೇಕು. ಕರ್ನಾಟಕವು ಚೆನ್ನೈನ ನೋಂದಣಿ ಕಚೇರಿಯ ವ್ಯಾಪ್ತಿಗೆ ಒಳಪಟ್ಟಿದ್ದು, ಅಂತರ್ಜಾಲದ ಮೂಲಕವೇ ಅರ್ಜಿ ಸಲ್ಲಿಸಬಹುದಾಗಿದೆ. ನೋಂದಣಿಯ ಅವಧಿ 10 ವರ್ಷ, ನಂತರ ನವೀಕರಿಸಿಕೊಳ್ಳಬಹುದು. ಹೆಸರು ಬಳಸುವ ಅನುಮತಿಯು ಲಿಖಿತವಾಗಿರಲಿ, ಗುಣಮಟ್ಟ ಪರಿಶೀಲಿಸುವ ಅಧಿಕಾರವೂ ಅದರಲ್ಲಿ ನಮೂದಾಗಿರಲಿ. ಒಂದು ಊರಿನ ಮಳಿಗೆಯಲ್ಲಿ ಸಾಂಬಾರು ಕೆಟ್ಟರೆ ಎಲ್ಲ ಊರುಗಳ ಮಳಿಗೆಗಳಿಗೂ ಕೆಟ್ಟ ಹೆಸರು ಬರುತ್ತದೆ.

ತೆರಿಗೆಯ ಹೊರೆ

ಆರಂಭಿಕ ಶುಲ್ಕ ಮತ್ತು ರಾಯಲ್ಟಿಯ ಮೇಲೆ ಶೇ. 18ರಷ್ಟು ಸರಕು ಮತ್ತು ಸೇವಾ ತೆರಿಗೆ ಅನ್ವಯಿಸುತ್ತದೆ. ಸಾಮಾನ್ಯ ಉಪಾಹಾರ ಗೃಹಗಳು ಗ್ರಾಹಕರಿಂದ ಶೇ. 5ರ ದರದಲ್ಲಿ ತೆರಿಗೆ ಪಡೆಯುತ್ತವೆ. ಆದರೆ ತಾವು ಪಾವತಿಸಿದ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳಲು ಅವಕಾಶವಿಲ್ಲ. ಉದಾಹರಣೆಗೆ, ತಿಂಗಳಿಗೆ 5 ಲಕ್ಷ ರೂ. ವ್ಯಾಪಾರಕ್ಕೆ ಶೇ. 5ರಂತೆ ರಾಯಲ್ಟಿ 25,000 ರೂ. ಇದರ ಮೇಲಿನ ತೆರಿಗೆ 4,500 ರೂ. ಸೇರಿ ಕೈಯಿಂದ ಹೋಗುವುದು 29,500 ರೂ. ವರ್ಷಕ್ಕೆ 54,000 ರೂ. ಆಗುವ ಈ ತೆರಿಗೆಯ ಬಾಬ್ತನ್ನು ಅನೇಕರು ಲಾಭದ ಅಂದಾಜಿನಲ್ಲಿ ಸೇರಿಸುವುದೇ ಇಲ್ಲ.

ಕರಾರು ಮುಗಿದ ನಂತರ

ವಿವಾದಗಳು ಹೆಚ್ಚಾಗಿ ಉದ್ಭವಿಸುವುದು ಇಲ್ಲಿಯೇ. ಕರಾರಿನ ಅವಧಿಯಲ್ಲಿ ಪ್ರತಿಸ್ಪರ್ಧಿಯ ವ್ಯಾಪಾರ ಮಾಡಬಾರದೆಂಬ ಷರತ್ತನ್ನು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಗುಜರಾತ್ ಬಾಟ್ಲಿಂಗ್ ಹಾಗೂ ಕೋಕಾ ಕೋಲಾ ಕಂಪನಿಗಳ ನಡುವಿನ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದರೆ ಕರಾರು ಮುಗಿದ ಮೇಲೆಯೂ ಇಂತಿಷ್ಟು ವರ್ಷ ಹೋಟೆಲ್ ನಡೆಸಕೂಡದೆಂಬ ಷರತ್ತು, 1872ರ ಭಾರತೀಯ ಕರಾರು ಅಧಿನಿಯಮದ 27ನೇ ಪ್ರಕರಣದ ಮೇರೆಗೆ ಸಾಮಾನ್ಯವಾಗಿ ಅಸಿಂಧು. ಹೀಗಾಗಿ ಮೂಲ ಉದ್ದಿಮೆದಾರರು ಹೆಸರು, ಫಲಕ ಹಾಗೂ ಗೋಪ್ಯ ಪಾಕವಿಧಾನಗಳ ಬಳಕೆಯನ್ನು ನಿಲ್ಲಿಸುವ ಬಗ್ಗೆ ಸ್ಪಷ್ಟ ಷರತ್ತುಗಳನ್ನು ಬರೆಯಿಸುವುದೇ ಹೆಚ್ಚು ಪ್ರಯೋಜನಕಾರಿ. ಫ್ರಾಂಚೈಸಿದಾರರು ಕಟ್ಟಡದ ಬಾಡಿಗೆ ಕರಾರು ಫ್ರಾಂಚೈಸಿ ಅವಧಿಗಿಂತ ಮೊದಲೇ ಮುಗಿಯದಂತೆಯೂ ನೋಡಿಕೊಳ್ಳಬೇಕು. ವಿವಾದವನ್ನು ಯಾವ ಊರಿನಲ್ಲಿ ಇತ್ಯರ್ಥಪಡಿಸಬೇಕೆಂಬ ಷರತ್ತನ್ನು ಓದದೆ ಸಹಿ ಹಾಕಿದರೆ, ಕಲಬುರಗಿಯ ಮಳಿಗೆದಾರರು ಪ್ರತಿ ವಿಚಾರಣೆಗೂ ಬೆಂಗಳೂರಿಗೆ ಬರಬೇಕಾದೀತು.

ಕರಾರು ಪತ್ರಕ್ಕೆ 1957ರ ಕರ್ನಾಟಕ ಮುದ್ರಾಂಕ ಅಧಿನಿಯಮದಂತೆ ಶುಲ್ಕ ಪಾವತಿಸಿರತಕ್ಕದ್ದು. ಕೊರತೆಯಿದ್ದಲ್ಲಿ ಆ ಶುಲ್ಕವನ್ನೂ ದಂಡವನ್ನೂ ತೆರುವವರೆಗೆ ಅದು ಸಾಕ್ಷ್ಯವಾಗಿ ಸ್ವೀಕಾರಾರ್ಹವಲ್ಲ. ಆಹಾರ ಸುರಕ್ಷತಾ ಪರವಾನಗಿ ಅಥವಾ ನೋಂದಣಿ, ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ಇವುಗಳನ್ನು ಪ್ರತಿ ಮಳಿಗೆಗೂ ಪ್ರತ್ಯೇಕವಾಗಿ ಪಡೆಯಬೇಕಾಗಿದ್ದು, ಮೂಲ ಮಳಿಗೆಯ ಪರವಾನಗಿ ಹೊಸ ಮಳಿಗೆಗೆ ಅನ್ವಯಿಸುವುದಿಲ್ಲ.