ಮೈಕ್ರೋಬಯಾಲಜಿ ಬೇರೆ, ಎಂ.ಎಲ್.ಟಿ. ಬೇರೆ: ಸೀಟು ಪಡೆಯುವ ಮುನ್ನ ತಿಳಿದಿರಲಿ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ನಂತರದ ವಾರಗಳಲ್ಲಿ ಇಗರ್ಜಿಯ ಕಚೇರಿಗೆ ಬರುವ ಹೆತ್ತವರ ಸಂಖ್ಯೆ ಹೆಚ್ಚುತ್ತದೆ. ಕೆಲವರಿಗೆ ಶಿಫಾರಸು ಪತ್ರ ಬೇಕು, ಕೆಲವರಿಗೆ ವಿದ್ಯಾರ್ಥಿವೇತನದ ಅರ್ಜಿಗೆ ಸಹಿ ಬೇಕು, ಇನ್ನು ಕೆಲವರಿಗೆ ಯಾವ ಕೋರ್ಸು ಒಳ್ಳೆಯದೆಂಬ ಸಲಹೆ ಬೇಕು. ಈ ಮೂರನೆಯದನ್ನು ಕೊಡುವುದರಲ್ಲಿ ನಾವು ಒಮ್ಮೆ ಎಡವಿದ್ದೇವೆ. ಅದನ್ನು ಹೇಳಿಕೊಂಡೇ ಈ ಬರಹವನ್ನು ಆರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಹುಡುಗಿಯೊಬ್ಬಳು ತಾಯಿಯೊಂದಿಗೆ ಬಂದಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಬೇಕೆಂಬುದು ಅವಳ ಆಸೆ. "ಬಿ.ಎಸ್ಸಿ. ಮೈಕ್ರೋಬಯಾಲಜಿ ಸೇರಮ್ಮ, ಹತ್ತಿರದ ಕಾಲೇಜಿನಲ್ಲೇ ಇದೆ, ಶುಲ್ಕವೂ ಕಡಿಮೆ" ಎಂದು ಹೇಳಿದವರು ನಾವೇ. ಮೂರು ವರ್ಷ ಶ್ರದ್ಧೆಯಿಂದ ಓದಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಅರ್ಜಿ ಹಿಡಿದು ಹೋದ ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಎಂ.ಎಲ್.ಟಿ. ಆಗಿದೆಯೇ?" ಗಲ್ಫಿನಲ್ಲಿರುವ ಅಣ್ಣ ವಿಚಾರಿಸಿದಾಗ ಅಲ್ಲಿಯೂ ಅದೇ ಪ್ರಶ್ನೆ. ಕೊನೆಗೆ ಅವಳು ಮತ್ತೆ ಡಿಪ್ಲೊಮಾ ತರಗತಿಗೆ ಸೇರಿ, ತನಗಿಂತ ಚಿಕ್ಕವರೊಂದಿಗೆ ಬೆಂಚಿನಲ್ಲಿ ಕುಳಿತು ಕಲಿಯಬೇಕಾಯಿತು. ಅದರ ಶುಲ್ಕಕ್ಕಾಗಿ ತಾಯಿಯ ಕರಿಮಣಿ ಸರ ಬ್ಯಾಂಕಿನಲ್ಲಿ ಅಡವಾಯಿತು. "ಫಾದರ್, ಎರಡರಲ್ಲೂ ಪರೀಕ್ಷೆ ಮಾಡುವುದು ಅದೇ ಕ್ರಿಮಿಗಳನ್ನಲ್ಲವೇ?" ಎಂದು ಆ ತಾಯಿ ಕೇಳಿದ್ದು ಈಗಲೂ ನೆನಪಿದೆ.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಎರಡು ಪದವಿಗಳ ಉದ್ದೇಶ ಬೇರೆ ಬೇರೆ. ಬಿ.ಎಸ್ಸಿ. ಮೈಕ್ರೋಬಯಾಲಜಿ ಒಂದು ವಿಜ್ಞಾನ ಪದವಿ. ಮಂಗಳೂರು ವಿಶ್ವವಿದ್ಯಾನಿಲಯದಂತಹ ಸಾಮಾನ್ಯ ವಿಶ್ವವಿದ್ಯಾನಿಲಯಗಳು ಅಥವಾ ಸ್ವಾಯತ್ತ ಕಾಲೇಜುಗಳು ಇದನ್ನು ನಡೆಸುತ್ತವೆ. ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರಗಳು ಮಣ್ಣಿನಲ್ಲಿ, ನೀರಿನಲ್ಲಿ, ಆಹಾರದಲ್ಲಿ, ದೇಹದಲ್ಲಿ ಹೇಗೆ ಬದುಕುತ್ತವೆ ಎಂಬುದು ಇಲ್ಲಿಯ ಪಾಠ. ರೋಗಿಯ ಸಂಪರ್ಕ ಇಲ್ಲವೆನ್ನುವಷ್ಟು ಕಡಿಮೆ.

ಬಿ.ಎಸ್ಸಿ. ಎಂ.ಎಲ್.ಟಿ., ಅಂದರೆ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ, ವೃತ್ತಿಶಿಕ್ಷಣ. ನಮ್ಮ ರಾಜ್ಯದಲ್ಲಿ ಇದು ಹೆಚ್ಚಾಗಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿ ನಡೆಯುತ್ತದೆ. ಮಣಿಪಾಲದಂತಹ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿಯೂ ಇದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಮೊದಲು ದೇಹರಚನೆ, ದೇಹಕ್ರಿಯೆ. ಜೊತೆಗೆ ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋಬಯಾಲಜಿ ಎಂಬ ಮೂರು ಕಂಬಗಳು. ಗಮನಿಸಿ, ಮೈಕ್ರೋಬಯಾಲಜಿ ಇಲ್ಲಿ ಮೂರರಲ್ಲಿ ಒಂದು ಮಾತ್ರ. ಸಕ್ಕರೆ, ಕ್ರಿಯಾಟಿನಿನ್ ಅಳೆಯುವುದು, ರಕ್ತಕಣಗಳನ್ನು ಎಣಿಸುವುದು, ರಕ್ತದ ಗುಂಪು ನೋಡಿ ಕ್ರಾಸ್ ಮ್ಯಾಚ್ ಮಾಡುವುದು, ಕಫದಲ್ಲಿ ಕ್ಷಯದ ಕ್ರಿಮಿ ಹುಡುಕುವುದು, ಎಲ್ಲವನ್ನೂ ಒಬ್ಬ ಟೆಕ್ನಾಲಜಿಸ್ಟ್ ಮಾಡಬಲ್ಲವನಾಗಿರಬೇಕು. ಪದವಿಯ ಕೊನೆಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಇಂಟರ್ನ್‌ಶಿಪ್ ಇರುತ್ತದೆ. ರಾತ್ರಿ ಎರಡು ಗಂಟೆಗೆ ಹೆರಿಗೆಯ ತಾಯಿಯೊಬ್ಬರಿಗೆ ರಕ್ತ ಬೇಕಾದಾಗ ಕ್ರಾಸ್ ಮ್ಯಾಚ್ ತಪ್ಪಿದರೆ ಜೀವವೇ ಹೋದೀತು. ಆಸ್ಪತ್ರೆಯವರು ಎಂ.ಎಲ್.ಟಿ. ಕೇಳುವುದು ಹಟಕ್ಕಾಗಿ ಅಲ್ಲ.

ಪದವಿಯ ಖರ್ಚು ಭರಿಸಲಾಗದವರಿಗೆ ಡಿ.ಎಂ.ಎಲ್.ಟಿ. ಡಿಪ್ಲೊಮಾ ಇದೆ. ಎಸ್.ಎಸ್.ಎಲ್.ಸಿ. ಆದವರೂ ಸೇರಬಹುದು, ಪಿ.ಯು.ಸಿ. ವಿಜ್ಞಾನ ಮುಗಿಸಿದವರಿಗೆ ಅವಧಿ ಕಡಿಮೆ. ಇದನ್ನು ಕೀಳೆಂದು ಕಾಣುವ ಅಭ್ಯಾಸ ನಮ್ಮವರಲ್ಲಿದೆ, ಅದು ಸರಿಯಲ್ಲ. ತಾಲೂಕು ಮಟ್ಟದ ಎಷ್ಟೋ ಲ್ಯಾಬುಗಳು ನಡೆಯುತ್ತಿರುವುದೇ ಡಿಪ್ಲೊಮಾ ಪಡೆದವರಿಂದ.

ಈ ವೃತ್ತಿಗೆ ಈಗ ಕಾನೂನಿನ ಚೌಕಟ್ಟೂ ಬಂದಿದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯಲ್ಲಿ ಪ್ರಯೋಗಾಲಯ ವೃತ್ತಿಯೂ ಸೇರಿದೆ. ಈ ಕಾಯಿದೆಯ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಪರನೆನಿಸಿಕೊಳ್ಳಲು ಕನಿಷ್ಠ 2000 ಗಂಟೆಗಳ, ಹೆಲ್ತ್‌ಕೇರ್ ವೃತ್ತಿಪರನೆನಿಸಿಕೊಳ್ಳಲು ಕನಿಷ್ಠ 3600 ಗಂಟೆಗಳ ಶಿಕ್ಷಣ ಬೇಕು. ರಾಜ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸುವ ವ್ಯವಸ್ಥೆಯನ್ನೂ ಅದು ವಿಧಿಸಿದೆ. ಮೂರು ತಿಂಗಳಲ್ಲಿ, ಆರು ತಿಂಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಮಾಡುತ್ತೇವೆಂದು ಬಸ್ ನಿಲ್ದಾಣದ ಗೋಡೆಗಳಲ್ಲಿ ಪೋಸ್ಟರ್ ಅಂಟಿಸುವವರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕರಾವಳಿಯ ಮನೆಗಳಲ್ಲಿ ಕೊನೆಗೆ ಮಾತು ವಿದೇಶಕ್ಕೇ ಬಂದು ನಿಲ್ಲುತ್ತದೆ. ಗಲ್ಫ್ ದೇಶಗಳಲ್ಲಿ ಲ್ಯಾಬ್ ಕೆಲಸಕ್ಕೆ ಅಲ್ಲಿನ ಆರೋಗ್ಯ ಇಲಾಖೆಯ ಪರವಾನಗಿ ಬೇಕು. ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ನಿಮ್ಮ ಅಂಕಪಟ್ಟಿ, ಅನುಭವ ಪತ್ರಗಳನ್ನು ಅವುಗಳನ್ನು ಕೊಟ್ಟ ಕಾಲೇಜು, ಆಸ್ಪತ್ರೆಗಳಿಂದಲೇ ಖಚಿತಪಡಿಸಿಕೊಳ್ಳುತ್ತಾರೆ. ಪರಿಚಯದವರಿಂದ ಬರೆಸಿಕೊಂಡ ಅನುಭವ ಪತ್ರ ಅಲ್ಲಿ ಸಿಕ್ಕಿಬೀಳುತ್ತದೆ. ಆ ಮೇಲೆ ಪರೀಕ್ಷೆಯೂ ಇದೆ.

ಅಮೆರಿಕದ ಕ್ರಮ ಸ್ವಲ್ಪ ಭಿನ್ನ. ಅಲ್ಲಿ ಎ.ಎಸ್.ಸಿ.ಪಿ. ಸಂಸ್ಥೆಯ ಪ್ರಮಾಣಪತ್ರಕ್ಕೆ ಪದವಿಯ ಹೆಸರಿಗಿಂತ ಒಳಗಿನ ವಿಷಯಗಳನ್ನು ಲೆಕ್ಕ ಹಾಕುತ್ತಾರೆ. ಜೀವಶಾಸ್ತ್ರದಲ್ಲಿ 16 ಸೆಮಿಸ್ಟರ್ ಗಂಟೆಗಳು, ಅದರಲ್ಲಿ ಮೈಕ್ರೋಬಯಾಲಜಿ ಇರಲೇಬೇಕು. ರಸಾಯನಶಾಸ್ತ್ರದಲ್ಲಿಯೂ 16, ಅದರಲ್ಲಿ ಸಾವಯವ ರಸಾಯನಶಾಸ್ತ್ರ ಅಥವಾ ಬಯೋಕೆಮಿಸ್ಟ್ರಿ ಇರಬೇಕು. ಜೊತೆಗೆ ಮಾನ್ಯತೆ ಪಡೆದ ಲ್ಯಾಬ್ ತರಬೇತಿ ಅಥವಾ ವರ್ಷಗಳ ಅನುಭವ. ಹೀಗಾಗಿ ಅಲ್ಲಿಯ ಮೈಕ್ರೋಬಯಾಲಜಿ ಪದವೀಧರರು ತರಬೇತಿ ಮುಗಿಸಿ ಆಸ್ಪತ್ರೆಯ ಲ್ಯಾಬಿಗೆ ಬರುವ ದಾರಿ ತೆರೆದಿದೆ. ಆದರೆ ಅಲ್ಲಿಯ ಪದವಿ ನಾಲ್ಕು ವರ್ಷದ್ದು. ನಮ್ಮ ಮೂರು ವರ್ಷದ ಪದವಿಯನ್ನು ಅದಕ್ಕೆ ಸಮವೆಂದು ಮೌಲ್ಯಮಾಪನ ಸಂಸ್ಥೆಗಳು ಅನೇಕ ಸಲ ಒಪ್ಪುವುದಿಲ್ಲ. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ತಂದು 2024ರಲ್ಲಿ ಪುನಃ ಮೂರು ವರ್ಷಕ್ಕೆ ಮರಳಿದ ಕಾರಣ, ನಿಮ್ಮ ಮಗ ಅಥವಾ ಮಗಳು ಯಾವ ಬ್ಯಾಚಿನವರೆಂಬುದೂ ಮುಖ್ಯವಾಗುತ್ತದೆ.

ಇಷ್ಟು ಓದಿ ಮೈಕ್ರೋಬಯಾಲಜಿ ಬೇಡವೇ ಬೇಡ ಎಂದು ಯಾರೂ ತೀರ್ಮಾನಿಸಬಾರದು. ನಮ್ಮ ಕಡಲತೀರದಲ್ಲಿಯೇ ಮೀನು ಸಂಸ್ಕರಣೆ ಮಾಡಿ ರಫ್ತು ಮಾಡುವ ಘಟಕಗಳಿವೆ. ಸಾಲ್ಮೊನೆಲ್ಲಾ ಇಲ್ಲವೆಂದು ಪರೀಕ್ಷಿಸದೆ ಸಿಗಡಿಯ ಪೆಟ್ಟಿಗೆ ಯುರೋಪಿಗೆ ಹೋಗುವುದಿಲ್ಲ. ಹಾಲಿನ ಡೈರಿ, ಔಷಧ ಕಂಪೆನಿ, ಕುಡಿಯುವ ನೀರಿನ ಪರೀಕ್ಷೆ ಇವೆಲ್ಲ ಈ ಪದವೀಧರರ ಕ್ಷೇತ್ರ. ಸರಕಾರದ ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೆ ಅಂಗೀಕೃತವಾದ ಪದವಿಗಳಲ್ಲಿ ಮೈಕ್ರೋಬಯಾಲಜಿಯೂ ಒಂದು. ಬೋಧನೆ, ಸಂಶೋಧನೆಯ ಒಲವಿದ್ದವರು ಎಂ.ಎಸ್ಸಿ. ಮಾಡಲಿ. ಅಲ್ಲಿಯೂ ಎರಡು ಬಗೆ ಇದೆ: ಸಾಮಾನ್ಯ ಎಂ.ಎಸ್ಸಿ. ಎರಡು ವರ್ಷ, ವೈದ್ಯಕೀಯ ಕಾಲೇಜುಗಳ ಎಂ.ಎಸ್ಸಿ. ಮೆಡಿಕಲ್ ಮೈಕ್ರೋಬಯಾಲಜಿ ಮೂರು ವರ್ಷ.

ಸ್ವಂತ ಲ್ಯಾಬ್ ತೆರೆಯುವ ಕನಸಿದ್ದವರಿಗೆ ಒಂದು ಮಾತು. ಲ್ಯಾಬ್ ವರದಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಅರ್ಹತೆಯುಳ್ಳ ನೋಂದಾಯಿತ ವೈದ್ಯರೇ ಸಹಿ ಮಾಡಬೇಕೆಂಬ ವೈದ್ಯಕೀಯ ಮಂಡಳಿಯ ನಿಲುವನ್ನು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಎತ್ತಿಹಿಡಿದಿದೆ. ಸಾಲ ಮಾಡಿ ಯಂತ್ರ ತರುವ ಮುನ್ನ ಇದನ್ನು ತಿಳಿದಿರಬೇಕು.

ದಾಖಲಾತಿಗೆ ಹೋದಾಗ ಹೆತ್ತವರು ಕೇಳಲು ಹಿಂಜರಿಯಬಾರದು. ಪದವಿ ಪ್ರಮಾಣಪತ್ರದಲ್ಲಿ ಅಚ್ಚಾಗುವ ಪೂರ್ಣ ಹೆಸರೇನು? ಕೊಡುವ ವಿಶ್ವವಿದ್ಯಾಲಯ ಯಾವುದು? ಇಂಟರ್ನ್‌ಶಿಪ್ ಎಲ್ಲಿ, ಎಷ್ಟು ತಿಂಗಳು, ಆ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ? ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ಉತ್ತರ ಬಾಯಿಮಾತಿನಲ್ಲಿ ಬಂದರೆ ಪ್ರಾಸ್ಪೆಕ್ಟಸ್ ಕೇಳಿ ಪಡೆಯಿರಿ. ನಾವು ಕೂಡ ಈಗ ಶಿಫಾರಸು ಪತ್ರ ಬರೆಯುವ ಮುನ್ನ ಅದನ್ನು ತರಲು ಹೇಳುತ್ತೇವೆ, ಕೋರ್ಸಿನ ಪೂರ್ಣ ಹೆಸರನ್ನು ನೋಡಿಯೇ ಪತ್ರದಲ್ಲಿ ಬರೆಯುತ್ತೇವೆ.